ಲೇವಿಯನು ಕಾಣೆಯಾದ ಪುಟ: ಕೋಡೆಕ್ಸ್ ಸಿನಾಯ್ಟಿಕಸ್ ಜಾಲತಾಣ ಬಳಸಿದ ಅನುಭವ

ಕರಡು ತಿದ್ದುವುದು ನನ್ನ ವೃತ್ತಿಯಾಗಿತ್ತು. ಮೂವತ್ತೊಂದು ವರ್ಷ ಮೂಲಪ್ರತಿಯನ್ನು ಎಡಕ್ಕೆ, ಅಚ್ಚಾದ ಹಾಳೆಯನ್ನು ಬಲಕ್ಕೆ ಇಟ್ಟುಕೊಂಡು ಸಾಲು ಸಾಲು ತಾಳೆ ನೋಡಿದ್ದೇನೆ. ಒಂದೇ ಪದದಲ್ಲಿ ಮುಗಿಯುವ ಎರಡು ವಾಕ್ಯಗಳು ಹತ್ತಿರ ಹತ್ತಿರ ಬಂದರೆ ಅಲ್ಲಿ ಬೆರಳು ತಾನಾಗಿ ನಿಲ್ಲುತ್ತಿತ್ತು. ಮೊಳೆ ಜೋಡಿಸುವವರ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ ನಡುವಿನದು ಬಿಟ್ಟುಹೋಗುವ ಜಾಗ ಅದು.

ಅದೇ ತಪ್ಪನ್ನು 4ನೇ ಶತಮಾನದ ಚರ್ಮದ ಹಾಳೆಯೊಂದರ ಮೇಲೆ ಕಂಡೆ. ಲೂಕನ ಸುವಾರ್ತೆ, 10ನೇ ಅಧ್ಯಾಯ, ಒಳ್ಳೆಯ ಸಮಾರ್ಯನ ಕಥೆ. ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದವನನ್ನು ಯಾಜಕನು ನೋಡಿ ಆಚೆಬದಿಯಲ್ಲಿ ಹಾದುಹೋಗುತ್ತಾನೆ. ಮುಂದಿನ ವಚನದಲ್ಲಿ ದೇವಾಲಯದ ಸೇವೆಯವನಾದ ಲೇವಿಯನೂ ಹಾಗೆಯೇ ಹಾದುಹೋಗುತ್ತಾನೆ. ಗ್ರೀಕಿನಲ್ಲಿ ಎರಡೂ ವಚನಗಳು ‘ಆಂಟಿಪಾರೆಲ್ಥೆನ್’ ಎಂಬ ಒಂದೇ ಪದದಲ್ಲಿ ಮುಗಿಯುತ್ತವೆ. ಬರೆಯುತ್ತಿದ್ದ ಲಿಪಿಕಾರನ ಕಣ್ಣು ಜಾರಿ 32ನೇ ವಚನ ಪೂರ್ತಿ ಬಿಟ್ಟುಹೋಗಿದೆ. ಅವನ ಪ್ರತಿಯಲ್ಲಿ ಯಾಜಕನಾದ ಮೇಲೆ ನೇರವಾಗಿ ಸಮಾರ್ಯದವನೇ ಬರುತ್ತಾನೆ. ಆಮೇಲೆ ತಿದ್ದಿದವರು ಲೇವಿಯನನ್ನು ಸೇರಿಸಿದ್ದಾರೆ. ಆ ಪುಟದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಹೆಸರೂ ಗೊತ್ತಿಲ್ಲದ ಆ ಮನುಷ್ಯನ ದಣಿದ ಕಣ್ಣು ನನಗೆ ಚೆನ್ನಾಗಿ ಗೊತ್ತು.

ಇದನ್ನು ನನಗೆ ತೋರಿಸಿದ್ದು ಕೋಡೆಕ್ಸ್ ಸಿನಾಯ್ಟಿಕಸ್ ಎಂಬ ಜಾಲತಾಣ. ಅದೇ ಹೆಸರಿನ, ಕೈಬರಹದ ಹಳೆಯ ಗ್ರೀಕ್ ಸತ್ಯವೇದದ ಪುಟಗಳು ಅಲ್ಲಿವೆ. ಆರು ತಿಂಗಳಿಂದ ಹೆಚ್ಚುಕಡಿಮೆ ದಿನವೂ ಬಳಸುತ್ತಿದ್ದೇನೆ. ಸತ್ಯವೇದದ ಕಷ್ಟದ ಭಾಗಗಳ ಬಗ್ಗೆ ಪ್ರಶ್ನೆ ಇರುವವರಿಗೆ, ಆ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ ಜಾಗದಲ್ಲಿ ಕುಳಿತಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಹೋಗಿದ್ದು ಅಣ್ಣನ ಮಗನಿಂದಾಗಿ. ಒಂದು ಸಂಜೆ ಫೋನ್ ಹಿಡಿದುಕೊಂಡು ಬಂದ. “ಅತ್ತೆ, ಮಾರ್ಕನ ಕೊನೇ ಹನ್ನೆರಡು ವಚನ ಮೊದಲು ಇರಲೇ ಇಲ್ಲವಂತೆ, ನಿಜವಾ? ಹಾಗಾದರೆ ಹಾವು ಎತ್ತುತ್ತಾರೆ, ವಿಷ ಕುಡಿದರೂ ಏನೂ ಆಗುವುದಿಲ್ಲ ಅನ್ನೋದನ್ನು ಯಾರು ಬರೆದರು?” ಅವನ ಪ್ರಶ್ನೆಯ ಹಿಂದೆ ಎರಡು ವಿಡಿಯೊಗಳಿದ್ದವು. ಹೊಸ ಅನುವಾದಕರು ದೇವರ ವಾಕ್ಯವನ್ನೇ ಕತ್ತರಿಸಿದ್ದಾರೆ ಎಂದು ಒಂದು ಕೂಗುತ್ತಿತ್ತು. ಸುವಾರ್ತೆಗಳೆಲ್ಲ ಸಭೆ ತನಗೆ ಬೇಕಾದಂತೆ ಹೆಣೆದದ್ದು ಎಂದು ಇನ್ನೊಂದು ಕೂಗುತ್ತಿತ್ತು. ಎರಡರಲ್ಲೂ ಒಂದೇ ಒಂದು ಪುಟವನ್ನೂ ತೋರಿಸಿರಲಿಲ್ಲ. ನನ್ನ ಬಳಿಯಿದ್ದ ಟಿಪ್ಪಣಿ ಸಹಿತ ಸತ್ಯವೇದದ ಅಡಿಯಲ್ಲಿ “ಕೆಲವು ಪ್ರಾಚೀನ ಪ್ರತಿಗಳಲ್ಲಿ ಈ ಭಾಗ ಇಲ್ಲ” ಎಂಬ ಒಂದು ಸಾಲಿತ್ತು. ಯಾವ ಪ್ರತಿಗಳು, ಎಷ್ಟು ಹಳೆಯವು, ಇಲ್ಲದಿದ್ದರೆ ಏನು ಎಂಬುದಿಲ್ಲ. ಹದಿನೇಳು ವರ್ಷದ ಹುಡುಗನ ನಂಬಿಕೆ ಅಲುಗುತ್ತಿರುವಾಗ ಆ ಒಂದು ಸಾಲು ಏನೇನೂ ಸಾಲದು.

ಈ ಹಸ್ತಪ್ರತಿ ಸೀನಾಯಿ ಬೆಟ್ಟದ ಬುಡದ ಸಂತ ಕ್ಯಾಥರೀನ್ ಮಠದಲ್ಲಿತ್ತು. ಟಿಶೆನ್‌ಡಾರ್ಫ್ ಎಂಬ ಜರ್ಮನ್ ವಿದ್ವಾಂಸ 1844ರಲ್ಲಿ ಕೆಲವು ಹಾಳೆಗಳನ್ನೂ 1859ರಲ್ಲಿ ದೊಡ್ಡ ಭಾಗವನ್ನೂ ಕಂಡ. ಆ ದೊಡ್ಡ ಭಾಗ ರಷ್ಯಾಕ್ಕೆ ಹೋಯಿತು, ಅಲ್ಲಿಂದ 1933ರಲ್ಲಿ ಸೋವಿಯತ್ ಸರ್ಕಾರ ಅದನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಮಾರಿತು. ಇಂದು 347 ಹಾಳೆಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ, 43 ಲೈಪ್‌ಜಿಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. 1975ರಲ್ಲಿ ಸಿಕ್ಕ ಕೆಲವು ಹಾಳೆಗಳು ಮಠದಲ್ಲೇ ಉಳಿದಿವೆ, ಚೂರುಗಳು ರಷ್ಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಚದುರಿದ ಈ ಹಾಳೆಗಳನ್ನೆಲ್ಲ 2009ರಲ್ಲಿ ಈ ಜಾಲತಾಣ ಒಂದೇ ಕಡೆ ಸೇರಿಸಿತು. ಹಾಳೆಗಳು ಮಠದಿಂದ ಹೊರಬಿದ್ದ ಬಗೆ ಇನ್ನೂ ನೋವಿನ ವಿಷಯ. ನಾಲ್ಕೂ ಸಂಸ್ಥೆಗಳು ಕೂಡಿ ಒಪ್ಪಿದ ಚರಿತ್ರೆಯ ಬರಹವೊಂದು ಅಲ್ಲಿದೆ, ತಪ್ಪದೆ ಓದಿ.

ಬಳಸುವುದು ಸುಲಭ. ಪುಸ್ತಕ, ಅಧ್ಯಾಯ, ವಚನ ಆರಿಸಿದರೆ ಒಂದು ಕಡೆ ಚರ್ಮದ ಹಾಳೆಯ ಚಿತ್ರ, ಇನ್ನೊಂದು ಕಡೆ ಅದರ ಗ್ರೀಕ್ ಅಕ್ಷರಗಳ ಪ್ರತಿಲೇಖನ ಬರುತ್ತದೆ. ಪ್ರತಿಲೇಖನದ ಒಂದು ಪದವನ್ನು ಒತ್ತಿದರೆ ಚಿತ್ರದಲ್ಲಿ ಅದೇ ಪದದ ಸುತ್ತ ಚೌಕಟ್ಟು ಮೂಡುತ್ತದೆ. ಗ್ರೀಕ್ ಬಾರದ ನನ್ನಂಥವಳಿಗೆ ಇದೇ ಊರುಗೋಲು. ಪುಟಕ್ಕೆ ನಾಲ್ಕು ಅಂಕಣ, ಅಂಕಣಕ್ಕೆ 48 ಸಾಲು, ಪದಗಳ ನಡುವೆ ಜಾಗವೇ ಇಲ್ಲದ ದೊಡ್ಡಕ್ಷರಗಳ ಬರಹ. ಪದ ಎಲ್ಲಿ ಒಡೆಯುತ್ತದೆ ಎಂಬುದೇ ಓದುವವರ ಕೆಲಸ ಎಂಬುದು ಅಲ್ಲಿ ನೋಡಿದ ಮೇಲೆಯೇ ನನಗೆ ಮನವರಿಕೆಯಾದದ್ದು. ಸಾಮಾನ್ಯ ಬೆಳಕು, ಓರೆಬೆಳಕು ಎಂದು ಎರಡು ಬಗೆಯ ಚಿತ್ರಗಳಿವೆ. ಓರೆಬೆಳಕಿನಲ್ಲಿ ಚರ್ಮದ ಸುಕ್ಕು, ಗೆರೆ ಎಳೆದ ಗುರುತು ಎದ್ದು ಕಾಣುತ್ತವೆ.

ಅನುವಾದ ಇರುವುದು ಆಯ್ದ ಭಾಗಗಳಿಗೆ ಮಾತ್ರ, ಅದೂ ಕನ್ನಡದಲ್ಲಿಲ್ಲ. ಪಕ್ಕದಲ್ಲಿ ಕನ್ನಡ ಸತ್ಯವೇದ ತೆರೆದಿಟ್ಟುಕೊಂಡೇ ಕೂರಬೇಕು. ಮೊದಲ ವಾರ ಗ್ರೀಕ್ ಅಕ್ಷರಮಾಲೆ ಕಲಿಯಲೇಬೇಕು. ಇಪ್ಪತ್ತನಾಲ್ಕೇ ಅಕ್ಷರ, ಕಲಿಯಬಹುದು. ಇನ್ನೊಂದು ಎಚ್ಚರಿಕೆ: ದೇವರು, ಕರ್ತನು, ಯೇಸು, ಕ್ರಿಸ್ತ ಎಂಬ ಪವಿತ್ರ ಹೆಸರುಗಳನ್ನು ಲಿಪಿಕಾರರು ಪೂರ್ತಿ ಬರೆಯುವುದಿಲ್ಲ. ಎರಡು ಮೂರು ಅಕ್ಷರ ಬರೆದು ಮೇಲೊಂದು ಗೆರೆ ಎಳೆಯುತ್ತಾರೆ. ಇದು ಗೊತ್ತಿಲ್ಲದೆ ಯೇಸುವಿನ ಹೆಸರನ್ನೇ ಹುಡುಕಿ ಒಂದು ಇಡೀ ಮಧ್ಯಾಹ್ನ ಕಳೆದೆ.

ಈಗ ಮಾರ್ಕನ 16ನೇ ಅಧ್ಯಾಯ. ನಾನೂ ಹುಡುಗನೂ ಒಟ್ಟಿಗೆ ತೆರೆದೆವು. ಸಮಾಧಿಯಿಂದ ಓಡಿಹೋದ ಹೆಂಗಸರು ಹೆದರಿದ್ದರಿಂದ ಯಾರಿಗೂ ಏನೂ ಹೇಳಲಿಲ್ಲ ಎಂಬ 8ನೇ ವಚನ, ಅದರ ಕೆಳಗೆ ಸುವಾರ್ತೆ ಮುಗಿಯಿತೆಂಬ ಅಲಂಕಾರದ ಗುರುತು, ಆಮೇಲೆ ಖಾಲಿ ಜಾಗ. ಹುಡುಗ ಮಾತಾಡಲಿಲ್ಲ. ನನಗೂ ಎದೆ ಸ್ವಲ್ಪ ಭಾರವಾಯಿತು. ಓದಿ ಗೊತ್ತಿರುವುದು ಬೇರೆ, ಬರಿದಾದ ಚರ್ಮವನ್ನು ಕಣ್ಣಾರೆ ಕಾಣುವುದು ಬೇರೆ.

ಆದರೆ ಅಲ್ಲಿಗೇ ನಿಂತಿದ್ದರೆ ವಿಡಿಯೊ ಮಾಡಿದವರು ಎಸಗಿದ ತಪ್ಪನ್ನೇ ನಾವೂ ಎಸಗುತ್ತಿದ್ದೆವು. ಈ ಹಾಳೆ ಮೊದಲಿನದಲ್ಲ. ಮಾರ್ಕನ ಕೊನೆ ಮತ್ತು ಲೂಕನ ಆರಂಭ ಇರುವ ಜೋಡಿಹಾಳೆಯನ್ನು ತೆಗೆದು, ತಿದ್ದುವ ಹೊಣೆಯಿದ್ದ ಇನ್ನೊಬ್ಬ ಲಿಪಿಕಾರ ಹೊಸದಾಗಿ ಬರೆದು ಸೇರಿಸಿದ್ದಾನೆ. ಅಕ್ಷರಗಳನ್ನು ಮಾರ್ಕನಲ್ಲಿ ಹಿಗ್ಗಿಸಿ, ಲೂಕನಲ್ಲಿ ಒತ್ತಿ ಬರೆದದ್ದು ಗೊತ್ತಾಗುತ್ತದೆ. ತೆಗೆದ ಹಾಳೆಯಲ್ಲಿ ಆ ಹನ್ನೆರಡು ವಚನಗಳಿದ್ದವೇ ಎಂಬ ಅನುಮಾನ ಸಹಜ. ಜಾಗದ ಲೆಕ್ಕ ಹಾಕಿದ ವಿದ್ವಾಂಸರು ಅಷ್ಟು ಹಿಡಿಸುತ್ತಿರಲಿಲ್ಲ ಎನ್ನುತ್ತಾರೆ. ಅದೇ ಶತಮಾನದ, ವ್ಯಾಟಿಕಾನಸ್ ಎಂಬ ಇನ್ನೊಂದು ಗ್ರೀಕ್ ಸತ್ಯವೇದದ ಪ್ರತಿಯಲ್ಲೂ ಮಾರ್ಕ 8ನೇ ವಚನಕ್ಕೇ ನಿಲ್ಲುತ್ತಾನೆ, ಆಮೇಲೆ ಒಂದು ಇಡೀ ಅಂಕಣ ಖಾಲಿ. ಹೆಚ್ಚುಕಡಿಮೆ ಎಲ್ಲ ಗ್ರೀಕ್ ಪ್ರತಿಗಳಲ್ಲೂ ಈ ಭಾಗ ಕಾಣುವುದಿಲ್ಲ ಎಂದು ಪ್ರಾಚೀನ ಸಭೆಯ ವಿದ್ವಾಂಸರಾದ ಯೂಸೇಬಿಯಸನೂ ಜೆರೋಮನೂ ಆಗಲೇ ಹೇಳಿದ್ದರು. ಅಂದರೆ ಇದು ಇಂದಿನವರು ಹುಟ್ಟಿಸಿದ ಗುಮಾನಿಯಲ್ಲ.

ಇನ್ನೊಂದು ತಕ್ಕಡಿಯನ್ನೂ ನೋಡಬೇಕು. ಸುಮಾರು ಕ್ರಿ.ಶ. 180ರಲ್ಲಿ ಬರೆದ ಇರೆನೇಯುಸ್ ಎಂಬ ಸಭಾ ನಾಯಕ ಮಾರ್ಕನ ಸುವಾರ್ತೆಯ ಕೊನೆಯ ಮಾತೆಂದು 16:19ನ್ನು ಉಲ್ಲೇಖಿಸುತ್ತಾನೆ. ಅಂದರೆ ಆ ಉದ್ದನೆಯ ಮುಕ್ತಾಯ ಸಿನಾಯ್ಟಿಕಸ್ ಪ್ರತಿಗಿಂತ ಒಂದೂವರೆ ಶತಮಾನಕ್ಕೂ ಹಿಂದಿನದು. ಹಸ್ತಪ್ರತಿಯ ವಯಸ್ಸು ಬೇರೆ, ಅದರೊಳಗಿನ ಪಾಠದ, ಅಂದರೆ ಅಲ್ಲಿ ಬರೆದ ಮಾತುಗಳ ವಯಸ್ಸು ಬೇರೆ. ಅಚ್ಚುಕೂಟದಲ್ಲಿ ನನಗೆ ಇದು ನಿತ್ಯದ ಅನುಭವ: ಮೂರನೆಯ ಮುದ್ರಣದಲ್ಲಿ ಮೊದಲ ಮುದ್ರಣದ ಸರಿಯಾದ ಸಾಲು ಉಳಿದಿರುತ್ತದೆ, ಎರಡನೆಯದರಲ್ಲಿ ಕೆಟ್ಟಿರುತ್ತದೆ. ಎಲ್ಲವನ್ನೂ ತೂಗಿದ ಮೇಲೆ ನಾನು ಹುಡುಗನಿಗೆ ಹೇಳಿದ್ದು ಇಷ್ಟು: ಆ ಹನ್ನೆರಡು ವಚನ ಮಾರ್ಕನ ಕೈಯದಲ್ಲ ಎಂದು ನನಗೆ ಅನಿಸುತ್ತದೆ, ಆದರೆ 2ನೇ ಶತಮಾನದ ಸಭೆ ಓದಿ ಬೆಳೆದ ಮಾತು ಅದು, ಕಸವಲ್ಲ. ಹಾವು ಎತ್ತುವ ಮಾತನ್ನು ಆರಾಧನೆಯ ನಿಯಮವಾಗಿ ಮಾಡಿಕೊಂಡು ಕಚ್ಚಿಸಿಕೊಂಡು ಸತ್ತವರಿದ್ದಾರೆ. ಪಾಠವೇ ಇಷ್ಟು ಅಲುಗಾಡುವ ಒಂದು ವಚನದ ಮೇಲೆ ಯಾರೂ ಜೀವವನ್ನು ಪಣಕ್ಕಿಡಬಾರದು.

ಯೋಹಾನನ 8ನೇ ಅಧ್ಯಾಯದ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆಯೂ ಇಲ್ಲಿಲ್ಲ. 7:52 ಮುಗಿದ ಕೂಡಲೇ 8:12 ಬರುತ್ತದೆ. ಅದರ ಬಗ್ಗೆ ಹೇಳಲು ತುಂಬ ಇದೆ, ಇಲ್ಲಿ ಬೇಡ.

ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆ ಮೂರು ಪುಟಗಳು. ಮತ್ತಾಯ 24:36ರಲ್ಲಿ ಆ ದಿನ, ಆ ಗಳಿಗೆ ತಂದೆಗೆ ಹೊರತು ಯಾರಿಗೂ ತಿಳಿಯದು, “ಮಗನಿಗೂ ತಿಳಿಯದು” ಎಂದಿದೆ. ಕ್ರಿಸ್ತನಿಗೆ ತಿಳಿಯದ್ದೂ ಇದೆಯೇ ಎಂಬ ಪ್ರಶ್ನೆ ಆಗಲೂ ಜನರನ್ನು ಚುಚ್ಚಿರಬೇಕು. ಮೊದಲ ಲಿಪಿಕಾರ ಆ ಪದಗಳನ್ನು ಬರೆದಿದ್ದಾನೆ, ಒಬ್ಬ ತಿದ್ದುಗಾರ ತೆಗೆದಿದ್ದಾನೆ, ಆಮೇಲಿನವನೊಬ್ಬ ಮರಳಿ ಸೇರಿಸಿದ್ದಾನೆ. ಲೂಕ 22ರಲ್ಲಿ ಯೇಸುವಿನ ಬೆವರು ರಕ್ತದ ಹನಿಗಳಂತೆ ಬಿದ್ದ ವಚನಗಳದ್ದೂ ಅದೇ ಕಥೆ: ಒಬ್ಬ ತೆಗೆಯಬೇಕೆಂದು ಗುರುತು ಹಾಕಿದ, ಮತ್ತೊಬ್ಬ ಆ ಗುರುತನ್ನೇ ಅಳಿಸಿದ. ಶಿಲುಬೆಯ ಮೇಲಿಂದ “ತಂದೆಯೇ, ಅವರಿಗೆ ಕ್ಷಮಿಸು” ಎಂದ ಮಾತಿಗೂ, ಲೂಕ 23:34ರಲ್ಲಿ, ಹೀಗೆಯೇ ಆಗಿದೆ.

ಎರಡನೆಯ ವಿಡಿಯೊದ ವಾದಕ್ಕೆ ಈ ಪುಟಗಳೇ ಉತ್ತರ. ಬೇಕಾದಂತೆ ಹೆಣೆಯುವವರು ಇಷ್ಟು ಮುಜುಗರದ ಮಾತನ್ನು ಉಳಿಸುತ್ತಿರಲಿಲ್ಲ. ತೆಗೆಯುವ ಆಸೆ ಇತ್ತು ಎಂಬುದು ನಿಜ, ಅದನ್ನು ಮುಚ್ಚಿಡುವುದು ಬೇಡ. ಆದರೆ ತೆಗೆದದ್ದು ಕಾಣುತ್ತದೆ, ಬೇರೆ ಪ್ರತಿಗಳೊಡನೆ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ, ಮುಂದಿನ ಕೈ ಅದನ್ನು ಹಿಂದಕ್ಕೆ ತರುತ್ತದೆ. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು ಐದು ಸಾವಿರಕ್ಕೂ ಹೆಚ್ಚು ಉಳಿದಿವೆ. ಅಷ್ಟನ್ನೂ ಒಂದೇ ಕೈ ತಿದ್ದಿ ಒಂದೇ ಸಮ ಮಾಡಲಿಲ್ಲ ಎಂಬುದಕ್ಕೆ ಪ್ರತಿಯಿಂದ ಪ್ರತಿಗೆ ಬದಲಾಗುವ ಪಾಠಾಂತರಗಳೇ ಸಾಕ್ಷಿ. ತಿದ್ದುಪಡಿಯೇ ಇಲ್ಲದ ಕರಡು ನನ್ನ ಮೇಜಿಗೆ ಬಂದರೆ ನಾನು ಹೆಚ್ಚು ಅನುಮಾನಪಡುತ್ತಿದ್ದೆ. ಯಾರೂ ಓದಿಲ್ಲ ಎಂದೇ ಅದರ ಅರ್ಥ.

ಆದರೆ ಈ ಜಾಲತಾಣ ಏನು ಮಾಡಲಾರದು ಎಂಬುದನ್ನೂ ಹೇಳಬೇಕು. ಪುಟದಲ್ಲಿ ಏನು ಬರೆದಿತ್ತು ಎಂದು ಅದು ತೋರಿಸುತ್ತದೆ. ಬರೆದದ್ದು ನಡೆಯಿತೇ ಎಂದು ತೋರಿಸುವುದು ಅದರ ಕೆಲಸವಲ್ಲ. ಲೂಕ 2:2ನ್ನು ತೆರೆಯಿರಿ: ಕುರೇನ್ಯನು ಸಿರಿಯದ ಅಧಿಪತಿಯಾಗಿದ್ದಾಗ ನಡೆದ ಖಾನೇಷುಮಾರಿ, ಅಂದರೆ ಜನಗಣತಿ. ಯೆಹೂದಿ ಚರಿತ್ರಕಾರ ಯೋಸೇಫಸನ ಪ್ರಕಾರ ಆ ಖಾನೇಷುಮಾರಿ ನಡೆದದ್ದು ಕ್ರಿ.ಶ. 6ರಲ್ಲಿ. ಮತ್ತಾಯನ ಪ್ರಕಾರ ಯೇಸು ಹುಟ್ಟಿದಾಗ ಬದುಕಿದ್ದ ಹೆರೋದನು ಸತ್ತದ್ದು ಕ್ರಿ.ಪೂ. 4ರಲ್ಲಿ ಎಂದು ಬಹುಪಾಲು ಚರಿತ್ರಕಾರರು ಎಣಿಸುತ್ತಾರೆ. ನಡುವೆ ಸುಮಾರು ಹತ್ತು ವರ್ಷದ ಅಂತರ. ಲಿಪಿಕಾರನ ಕಣ್ಣು ಜಾರಿ ಆದದ್ದಲ್ಲ ಇದು, ಯಾವ ಹಸ್ತಪ್ರತಿಯೂ ಇದನ್ನು ಬಿಡಿಸುವುದಿಲ್ಲ. ಮೊದಲೇ ಇನ್ನೊಂದು ಖಾನೇಷುಮಾರಿ ಇತ್ತು ಎನ್ನುವವರಿದ್ದಾರೆ, “ಕುರೇನ್ಯನಿಗಿಂತ ಮುಂಚೆ” ಎಂದು ವ್ಯಾಕರಣವನ್ನು ಎಳೆದು ಓದುವವರಿದ್ದಾರೆ, ಲೂಕನು ಇಲ್ಲಿ ತಪ್ಪಿದ್ದಾನೆ ಎನ್ನುವವರೂ ಇದ್ದಾರೆ. ಮೊದಲೆರಡು ಉತ್ತರಗಳು ನನಗೆ ಬಲವಂತದವು ಎನಿಸುತ್ತವೆ. ಲೂಕನ ಕಾಲನಿರ್ದೇಶ ಇಲ್ಲಿ ಗೊಂದಲಗೊಂಡಿದೆ ಎಂದು ಒಪ್ಪಿಕೊಂಡೇ ನಾನು ಅವನನ್ನು ನಂಬುತ್ತೇನೆ. ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಕಾರಿ ಪಿಲಾತನ ಹೆಸರು 1961ರಲ್ಲಿ ಕೈಸರೈಯದ ಕಲ್ಲಿನ ಮೇಲೆ ಸಿಕ್ಕಿತು ಎಂಬುದನ್ನೂ ಅದೇ ತಕ್ಕಡಿಗೆ ಹಾಕುತ್ತೇನೆ. ಪಿಲಾತನೆಂಬ ಅಧಿಕಾರಿ ಇದ್ದ ಎಂಬುದಷ್ಟನ್ನೇ ಆ ಕಲ್ಲು ಹೇಳುತ್ತದೆ, ವಿಚಾರಣೆಯ ಮಾತುಕತೆಯನ್ನಲ್ಲ.

ಹಾಗಾಗಿ ಈ ಜಾಲತಾಣವೊಂದನ್ನೇ ಹಿಡಿದು ಕೂರಬೇಡಿ. ಇದರಲ್ಲಿ ಇಲ್ಲ, ಆದ್ದರಿಂದ ಸುಳ್ಳು. ಇದರಲ್ಲಿ ಇದೆ, ಆದ್ದರಿಂದ ನಿಜ: ಎರಡೂ ಅವಸರದ ಮಾತು. ಹರ್ಮನ ಕುರುಬ ಎಂಬ ಗ್ರಂಥದ ಭಾಗವೂ ಬಾರ್ನಬನ ಪತ್ರವೂ ಇದೇ ಸಂಪುಟದಲ್ಲಿವೆ. ಅವು ನಮ್ಮ ಹೊಸ ಒಡಂಬಡಿಕೆಯಲ್ಲಿಲ್ಲ.

ಅಧ್ಯಯನ ಗುಂಪು ನಡೆಸುವವರು ಮೊದಲು ಲೂಕ 10:32ರಿಂದ ಶುರುಮಾಡಿ, ಮಾರ್ಕ 16ರಿಂದ ಬೇಡ. ಅಪಾಯವಿಲ್ಲದ ಒಂದು ತಪ್ಪನ್ನು ಕಣ್ಣಾರೆ ಕಂಡು, ತಪ್ಪು ಹೇಗೆ ಆಗುತ್ತದೆ, ಹೇಗೆ ತಿದ್ದಲಾಗುತ್ತದೆ ಎಂದು ತಿಳಿದವರು ದೊಡ್ಡ ಪ್ರಶ್ನೆಯ ಮುಂದೆ ಗಾಬರಿಯಾಗುವುದಿಲ್ಲ. ನಮ್ಮ ಹುಡುಗ ಈಗ ಗ್ರೀಕ್ ಅಕ್ಷರಗಳನ್ನು ನನಗಿಂತ ಬೇಗ ಓದುತ್ತಾನೆ. ಹೋದ ವಾರ 1 ತಿಮೊಥೆಯ 3:16ರಲ್ಲಿ “ಆತನು” ಎಂದಿದ್ದ ಪದದ ಮೇಲೆ ಇನ್ನೊಂದು ಕೈ ಚಿಕ್ಕ ಅಕ್ಷರಗಳನ್ನು ಸೇರಿಸಿ “ದೇವರು” ಎಂದು ಮಾಡಿರುವುದನ್ನು ತಾನೇ ಹುಡುಕಿದ. “ಅತ್ತೆ, ಇದನ್ನು ನೋಡಿ” ಎಂದು ಕೂಗಿ ಕರೆದ. ಅವನ ದನಿಯಲ್ಲಿ ಆವತ್ತಿನ ಭಯ ಇರಲಿಲ್ಲ.