ಕಾರವಾರದ ದೋಣಿಯ ಡೀಸೆಲ್ ಪಂಪು, ಹುಬ್ಬಳ್ಳಿಯ ಟೆಸ್ಟ್ ಬೆಂಚು

ಮಳೆಗಾಲವನ್ನು ಧಾರವಾಡದ ಮನೆಯಲ್ಲಿ ಕಳೆದು, ಅಕ್ಟೋಬರಿನಿಂದ ಮೇ ತಿಂಗಳವರೆಗೆ 31 ಅಡಿಯ ಹಾಯಿದೋಣಿಯಲ್ಲಿ ಗೋವೆಗೂ ಹೊನ್ನಾವರಕ್ಕೂ ನಡುವೆ ಓಡಾಡುತ್ತ ಬದುಕುವವರು ನಾನು ಮತ್ತು ನನ್ನ ಪತ್ನಿ. ದೋಣಿಯ ಎಂಜಿನ್ನಿಗೆ ಡೀಸೆಲ್ ಒದಗಿಸುವ ಪಂಪು ಕೆಟ್ಟಾಗ ಅದನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ಡೀಸೆಲ್ ಪಂಪ್ ರಿಪೇರಿ ಶೆಡ್ಡಿಗೆ ಒಯ್ದೆವು. ಲಾರಿ, ಟ್ರ್ಯಾಕ್ಟರುಗಳ ಪಂಪುಗಳನ್ನೇ ಬಿಚ್ಚುವ ಆ ಶೆಡ್ಡು ಸಮುದ್ರದ ಯಂತ್ರವನ್ನು ಹೇಗೆ ನೋಡೀತೋ ಎಂಬ ಅಳುಕು ನಮಗಿದ್ದುದು ನಿಜ.

ಕಾರವಾರದ ಕೂರ್ಮಗಡ ದ್ವೀಪದ ಬಳಿ ಗಾಳಿ ಬಿದ್ದುಹೋಗಿದ್ದ ಹೊತ್ತಿನಲ್ಲಿ ಎಂಜಿನ್ ಎರಡು ಸಲ ಏದುಸಿರು ಬಿಟ್ಟು ನಿಂತಿತ್ತು. ಮೊದಲು ಲಂಗರು ಹಾಕಿದೆವು. ದೋಣಿ ಬಂಡೆಯ ಕಡೆಗೆ ಸರಿಯುತ್ತಿರುವಾಗ ಪಾನಾ ಹಿಡಿದು ಕೂರುವಂತಿಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ, ಗಾಳಿಯೂ ಶುದ್ಧ ಡೀಸೆಲ್ಲೂ ಬೇಕು. ಆದ್ದರಿಂದ ಮೊದಲು ಫಿಲ್ಟರು ಬಿಚ್ಚಿದೆವು. ಬಟ್ಟಲಿನ ತಳದಲ್ಲಿ ನೀರಿತ್ತು, ಅದರ ಮೇಲೆ ಕಪ್ಪು ಲೋಳೆ ಕಟ್ಟಿತ್ತು. ಅರ್ಧ ಖಾಲಿಯಿರುವ ಟ್ಯಾಂಕು ರಾತ್ರಿಯ ತಂಪಿಗೆ ಒಳಗೊಳಗೇ ಬೆವರುತ್ತದೆ. ಆ ನೀರು ತಳ ಸೇರಿದ ಮೇಲೆ, ನೀರೂ ಡೀಸೆಲ್ಲೂ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಫಿಲ್ಟರು ಬದಲಿಸಿ, ಡೀಸೆಲ್ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದು, ಕುಂಟುವ ಎಂಜಿನ್ನಿನಲ್ಲೇ ಬೈತಖೋಲ ಬಂದರು ಮುಟ್ಟಿದೆವು. ಅಲ್ಲಿ ನೋಡಿದ ಮೆಕ್ಯಾನಿಕ್ ಒಬ್ಬರು ಎಂಜಿನ್ನನ್ನೇ ಬದಲಿಸುವಂತೆ ಹೇಳಿದರು.

ಅದಕ್ಕೊಪ್ಪದೆ, ಪಂಪು ಮತ್ತು ಎಂಜಿನ್ನಿನೊಳಗೆ ಡೀಸೆಲ್ ಸಿಡಿಸುವ ಮೂರು ಇಂಜೆಕ್ಟರುಗಳನ್ನು ಹಳೆಯ ಚಾದರದಲ್ಲಿ ಸುತ್ತಿಕೊಂಡು, ಅರಬೈಲ್ ಘಟ್ಟ ಹತ್ತಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದೆವು. ಶೆಡ್ಡಿನ ಹಿರಿಯ ಮಿಸ್ತ್ರಿ ಸಾಮಾನು ಮುಟ್ಟುವ ಮೊದಲೇ, ‘ಟ್ಯಾಂಕ್ ಯಾವಾಗ ತೊಳಸೀರಿ?’ ಎಂದು ಕೇಳಿದರು. ನಾನು ಉತ್ತರ ಹುಡುಕುತ್ತಿರುವಾಗಲೇ ಅವರು ಇಂಜೆಕ್ಟರನ್ನು ಕೈಪಂಪಿನ ಟೆಸ್ಟರಿಗೆ ಏರಿಸಿ, ಹಿಡಿಕೆ ಒತ್ತಿ, ನನ್ನನ್ನು ಹತ್ತಿರ ಕರೆದು ತೋರಿಸಿದರು. ಒಂದು ನಾಝಲ್ (ಇಂಜೆಕ್ಟರಿನ ತುದಿ) ಮಂಜಿನಂತೆ ಸಿಡಿಸಿತು. ಉಳಿದೆರಡು ಹನಿ ಹನಿ ತೊಟ್ಟಿಕ್ಕಿದವು. ಆಮೇಲೆ ಪಂಪನ್ನು ಅದು ಕೊಡುವ ಡೀಸೆಲ್ ಅಳೆಯುವ ಟೆಸ್ಟ್ ಬೆಂಚಿಗೆ ಕಟ್ಟಿ ತಿರುಗಿಸಿದಾಗ, ಸಾಲಾಗಿದ್ದ ಗಾಜಿನ ನಳಿಗೆಗಳಲ್ಲಿ ಎರಡು ಸಮನಾಗಿ ತುಂಬಿ ಮೂರನೆಯದು ಹಿಂದೆ ಬಿದ್ದದ್ದು ನನ್ನ ಕಣ್ಣಿಗೇ ಕಂಡಿತು. ಪಂಪಿನೊಳಗೆ ಡೀಸೆಲ್ಲನ್ನು ಒತ್ತುವ ಪ್ಲಂಜರಿಗೂ ಅದು ಓಡಾಡುವ ಬ್ಯಾರಲ್ಲಿಗೂ ನಡುವಿನ ಸಂದು ಕೆಲವೇ ಮೈಕ್ರಾನು (ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಅಲ್ಲಿ ಜಾರಿಕೆ ಕೊಡುವುದೂ ಡೀಸೆಲ್ಲೇ ಆದ್ದರಿಂದ, ನೀರು ಸೇರಿದರೆ ಉಕ್ಕಿನ ಮೇಲೆ ಗೀರು ಬೀಳುತ್ತದೆ. ಆ ಗೀರನ್ನು ದೀಪದ ಕೆಳಗೆ ಹಿಡಿದು ಅವರು ಹೇಳಿದ್ದಿಷ್ಟು: ‘ಪಂಪಿನ ತಪ್ಪಲ್ರೀ ಸರ, ನೀರಿನ ತಪ್ಪು. ಟ್ಯಾಂಕ್ ತೊಳೀಲಿಲ್ಲಂದ್ರ ಮತ್ತ ಇಲ್ಲೇ ಬರ್ತೀರಿ.’

ಹೊಸ ಪಂಪು ಮಾರಬಹುದಾಗಿದ್ದ ಜಾಗದಲ್ಲಿ ಅವರು ಎರಡು ನಾಝಲ್ ಮತ್ತು ಒಂದು ಪ್ಲಂಜರ್ ಜೋಡಿಯನ್ನಷ್ಟೇ ಬದಲಿಸಿ, ಕೂಲಿ ಸೇರಿ 9,400 ರೂಪಾಯಿಯ ರಸೀದಿ ಕೊಟ್ಟರು. ಹಳೆಯ ಭಾಗಗಳನ್ನು ಕೇಳದೆಯೇ ಕೈಗಿತ್ತರು. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅವರು ಸಾಮಾನು ಕಟ್ಟಿಕೊಟ್ಟ ರೀತಿ: ತೆರೆದ ಬಾಯಿಗಳಿಗೆಲ್ಲ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಪಂಪಿನ ಅಡಿಗೆ ಬರುವ ಶಿಮ್‌ಗಳನ್ನು, ಅಂದರೆ ತೆಳು ಲೋಹದ ಹಾಳೆಗಳನ್ನು, ಎಣಿಸಿ ಬೇರೆ ಪೊಟ್ಟಣ ಮಾಡಿದ್ದರು. ಡೀಸೆಲ್ ಸಿಡಿಯುವ ಕ್ಷಣವನ್ನು ಆ ಶಿಮ್‌ಗಳೇ ನಿರ್ಧರಿಸುತ್ತವೆ. ಒಂದು ಕಳೆದರೂ ದೋಣಿಯಲ್ಲಿ ಕುಳಿತು ಅಂದಾಜು ಹಾಕುವುದು ಕಷ್ಟ.

ಕೊರತೆಗಳೂ ಇವೆ. ಒಂದು ದಿನದ ಕೆಲಸವೆಂದವರು ಮೂರು ದಿನ ತೆಗೆದುಕೊಂಡರು. ಬೆಂಚಿನ ಅಳತೆಗಳನ್ನು ತಾವಾಗಿ ಬರೆದುಕೊಡುವುದಿಲ್ಲ, ಕೇಳಿ ಬರೆಸಿಕೊಳ್ಳಬೇಕು. ಎಂಜಿನ್ನನ್ನು ತಂಪಾಗಿಸುವ ಉಪ್ಪುನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ), ಲೋಹದ ಸವೆತ ತಡೆಯುವ ಸತುವಿನ ಆನೋಡು ಮುಂತಾದ ಸಮುದ್ರದ ಸಾಮಾನು ಅಲ್ಲಿ ಸಿಗುವುದಿಲ್ಲ; ಅವು ದೋಣಿಯಲ್ಲೇ ಹೆಚ್ಚುವರಿಯಾಗಿ ಇರಬೇಕು.

ಟ್ಯಾಂಕು ತೊಳೆದು ಪಂಪು ಕೂರಿಸಿದ ಮೇಲೆ ಎಂಜಿನ್ ಮೊದಲ ಯತ್ನದಲ್ಲೇ ಎದ್ದಿತು, ಹೊಗೆಯೂ ನಿಂತಿತು. ಹೋಗುವವರು ಇಂಜೆಕ್ಟರಿನ ಹಳೆಯ ತಾಮ್ರದ ವಾಷರುಗಳನ್ನು ತಪ್ಪದೆ ಒಯ್ಯಿರಿ. ನಮ್ಮ ಅಳತೆಯ ವಾಷರು ಶೆಡ್ಡಿನಲ್ಲಿರದೆ, ಅದೊಂದಕ್ಕಾಗಿಯೇ ಅರ್ಧ ದಿನ ಊರೆಲ್ಲ ಹುಡುಕಬೇಕಾಯಿತು.