ಕ್ರಿಕೆಟ್ ನೋಡಲು 65 ಇಂಚಿನ ಟೀವಿ: ದುಡ್ಡು ಯಾವುದಕ್ಕೆ ಹಾಕಬೇಕು

ಗಂಟೆಗೆ 140 ಕಿ.ಮೀ. ವೇಗದ ಚೆಂಡು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಸುಮಾರು 78 ಸೆಂ.ಮೀ. ಸಾಗುತ್ತದೆ. ನಮ್ಮಲ್ಲಿ ಆಟದ ಪ್ರಸಾರ ನಡೆಯುವುದೂ ಸೆಕೆಂಡಿಗೆ 50 ಚಿತ್ರಗಳ ಲೆಕ್ಕದಲ್ಲೇ. ಹಾಗಾಗಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಚೆಂಡು ಮುಕ್ಕಾಲು ಮೀಟರ್ ಮುಂದೆ ಹೋಗಿರುತ್ತದೆ. ಆಟಕ್ಕೆ ಕೊಳ್ಳುವ ಟೀವಿಯಲ್ಲಿ ಮೊದಲು ನೋಡಬೇಕಾದದ್ದು ಈ ನೆಗೆತವನ್ನು ಪ್ಯಾನೆಲ್ ಹೇಗೆ ತೋರಿಸುತ್ತದೆ ಎಂಬುದನ್ನು. ಡಾಲ್ಬಿ ವಿಷನ್, 8ಕೆ, ನೂರು ಕೋಟಿ ಬಣ್ಣ ಇವೆಲ್ಲ ಆಮೇಲಿನ ಮಾತು.

ಸಾಮಾನ್ಯ ಪ್ಯಾನೆಲ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಇದನ್ನೇ 60 ಹರ್ಟ್ಸ್ ಎನ್ನುವುದು. ಬರುವ ಚಿತ್ರ 50, ತೋರಿಸಬೇಕಾದದ್ದು 60. ಆದ್ದರಿಂದ ಪ್ರತಿ ಐದು ಚಿತ್ರಗಳಲ್ಲಿ ಒಂದನ್ನು ಎರಡು ಸಲ ತೋರಿಸುತ್ತದೆ. ಬೌಂಡರಿಯತ್ತ ಉರುಳುವ ಚೆಂಡಿನ ಹಿಂದೆ ಕ್ಯಾಮೆರಾ ಹೊರಳುವಾಗ ಮೈದಾನ ತಡವರಿಸಿದಂತೆ ಕಾಣುವುದು ಇದರಿಂದಲೇ. ಇಂಟರ್‌ನೆಟ್ ನಿಧಾನವಾಗಿದೆ ಎಂದು ಅನೇಕರು ರೂಟರ್ ಬದಲಿಸುತ್ತಾರೆ. ಡಿಟಿಎಚ್ ಬಾಕ್ಸ್‌ನಿಂದ ಬರುವ ಚಿತ್ರಕ್ಕೆ ಹೆಚ್ಚಿನ ಟೀವಿಗಳು ತಾವೇ 50 ಹರ್ಟ್ಸ್‌ಗೆ ಇಳಿಯುತ್ತವೆ, ಅಲ್ಲಿ ತೊಂದರೆ ಕಡಿಮೆ. ಟೀವಿಯೊಳಗಿನ ಜಿಯೋಹಾಟ್‌ಸ್ಟಾರ್‌ನಂಥ ಆ್ಯಪ್‌ಗಳಲ್ಲಿ ಮಾತ್ರ ಹಲವು ಮಾಡೆಲ್‌ಗಳು 60ರಲ್ಲೇ ಉಳಿದುಬಿಡುತ್ತವೆ. ಗೂಗಲ್ ಟೀವಿಯಾದರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್’ ಎಂಬ ಆಯ್ಕೆ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. 120 ಹರ್ಟ್ಸ್ ಪ್ಯಾನೆಲ್ 100ಕ್ಕೆ ಇಳಿದರೆ ಪ್ರತಿ ಚಿತ್ರವನ್ನೂ ಎರಡೆರಡು ಸಲ ತೋರಿಸಿ ಲೆಕ್ಕ ಸರಿಹೋಗುತ್ತದೆ. ಇಳಿಯದಿದ್ದರೂ ತಡವರಿಕೆಯ ಅವಧಿ 60 ಹರ್ಟ್ಸ್‌ನದರ ಅರ್ಧ ಮಾತ್ರ.

‘120’ ಎಂಬ ಅಂಕಿ ಕಂಡ ಕೂಡಲೇ ನಂಬಬೇಡಿ. ‘ಮೋಷನ್ ರೇಟ್ 120’, ‘ಎಂಇಎಂಸಿ 120’ (ನಡುವಿನ ಚಿತ್ರಗಳನ್ನು ಊಹಿಸಿ ಸೇರಿಸುವ ತಂತ್ರ), ‘ಗೇಮ್ ಆ್ಯಕ್ಸಿಲರೇಟರ್ 120’ ಎಂದು ಡಬ್ಬಿಯ ಮೇಲೆ ಬರೆದಿರುವ ಎಷ್ಟೋ ಟೀವಿಗಳ ಒಳಗಿರುವುದು 60 ಹರ್ಟ್ಸ್ ಪ್ಯಾನೆಲ್ಲೇ. ಕೆಲವು ಪ್ಯಾನೆಲ್‌ಗಳು ಅಡ್ಡಸಾಲುಗಳನ್ನು ಅರ್ಧಕ್ಕೆ ಇಳಿಸಿ 120 ಮುಟ್ಟುತ್ತವೆ. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ಲಿನ ಪೂರ್ತಿ ವಿವರ ತೆರೆದು ‘ನೇಟಿವ್ ರಿಫ್ರೆಶ್ ರೇಟ್’ ಸಾಲನ್ನೂ ಎಚ್‌ಡಿಎಂಐ ಪೋರ್ಟ್ ‘4ಕೆ 120’ ಒಪ್ಪುತ್ತದೆಯೇ ಎಂಬುದನ್ನೂ ಓದಿ. ಎರಡೂ ಇದ್ದರೆ ಅಂಕಿ ನಿಜ. ಒಂದೇ ಸರಣಿಯಲ್ಲಿ 43, 50 ಇಂಚಿನವು 60 ಹರ್ಟ್ಸ್ ಆಗಿ, 55ರಿಂದ ಮೇಲಿನವು ಮಾತ್ರ 120 ಆಗಿರುವುದುಂಟು. ಮಾಡೆಲ್ ಹೆಸರಿನ ಕೊನೆಯ ಒಂದಕ್ಷರ ಬೇರೆಯಾದರೆ ಪ್ಯಾನೆಲ್ಲೇ ಬೇರೆ ಇರಬಹುದು, ಬಿಲ್ ಹಾಕಿಸುವಾಗ ಅಕ್ಷರ ಅಕ್ಷರ ಹೋಲಿಸಿ.

ಗಾತ್ರದ ಲೆಕ್ಕ ಸುಲಭ. ಸೋಫಾದಲ್ಲಿ ಕೂತವರ ಕಣ್ಣಿನಿಂದ ಪರದೆಗೆ 7 ಅಡಿ ಇದ್ದರೆ 55 ಇಂಚು, ಎಂಟೂವರೆ ಅಡಿಗೆ 65, 10 ಅಡಿಗೆ 75. 65 ಇಂಚಿನ ಪರದೆ ಸುಮಾರು 144 ಸೆಂ.ಮೀ. ಅಗಲ, 81 ಸೆಂ.ಮೀ. ಎತ್ತರ. ಬಹಳಷ್ಟು ಮಾಡೆಲ್‌ಗಳ ಕಾಲುಗಳು ಎರಡು ತುದಿಗಳಲ್ಲಿರುತ್ತವೆ, ಮನೆಯಲ್ಲಿರುವ ಟೀವಿ ಸ್ಟ್ಯಾಂಡ್ ಸಾಲುತ್ತದೆಯೇ ಎಂದು ಅಳೆದುಕೊಂಡೇ ಹೊರಡಿ. 75 ಇಂಚಿನದಾದರೆ ಡಬ್ಬಿ ಲಿಫ್ಟ್‌ನಲ್ಲಿ ನಿಲ್ಲಿಸಿಕೊಂಡು ಹೋಗುವಂತಿರಬೇಕು, ಪ್ಯಾನೆಲನ್ನು ಮಲಗಿಸಿ ಸಾಗಿಸಬಾರದು.

ಆಟ ನೋಡುವವರನ್ನು ಅತಿ ಹೆಚ್ಚು ಕಾಡುವ ದೋಷ ವಿವರಪಟ್ಟಿಯಲ್ಲಿ ಇರುವುದೇ ಇಲ್ಲ. ಹಿಂಬದಿಯ ಬೆಳಕು ಪರದೆಯ ಎಲ್ಲ ಕಡೆ ಒಂದೇ ಸಮ ಹರಡದಿದ್ದರೆ, ಹಸಿರು ಮೈದಾನದ ಮೇಲೆ ಕ್ಯಾಮೆರಾ ಹೊರಳಿದಾಗ ಒರೆಸದ ಗಾಜಿನ ಹಾಗೆ ಕಪ್ಪು ಮಚ್ಚೆ, ಉದ್ದುದ್ದ ಪಟ್ಟಿಗಳು ಕಾಣುತ್ತವೆ. ಸಿನಿಮಾದಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳದು. ಟೆಸ್ಟ್ ಪಂದ್ಯದಲ್ಲಿ ಐದು ದಿನವೂ ಕಾಣುತ್ತಿರುತ್ತದೆ. ಪೆನ್‌ಡ್ರೈವ್‌ನಲ್ಲಿ ಬರೀ ಬೂದು ಬಣ್ಣದ ಒಂದು ಚಿತ್ರ, ಬರೀ ಹಸಿರಿನದು ಇನ್ನೊಂದು ಹಾಕಿಕೊಂಡು ಹೋಗಿ ತೆರೆಸಿ ನೋಡಿ. ಷೋರೂಮಿನ ಡೆಮೋ ವಿಡಿಯೋದ ನವಿಲು, ಹೂವು, ಜಲಪಾತಗಳಿಂದ ಏನೂ ಗೊತ್ತಾಗದು. ನೇರಪ್ರಸಾರದ ಪಂದ್ಯವನ್ನೇ ಹಾಕಿಸಿ, ಒಂದು ಪಕ್ಕಕ್ಕೆ ಸರಿದೂ ನೋಡಿ. ಎಲ್‌ಇಡಿ ಟೀವಿಗಳ ಪ್ಯಾನೆಲ್‌ನಲ್ಲಿ ವಿಎ, ಐಪಿಎಸ್ ಎಂದು ಎರಡು ಮುಖ್ಯ ಬಗೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನ, ಆದರೆ ಬದಿಯಿಂದ ಬಣ್ಣ ತೆಳುವಾಗುತ್ತದೆ. ಐಪಿಎಸ್‌ನಲ್ಲಿ ಬದಿಯವರಿಗೂ ಬಣ್ಣ ಸರಿ, ಆದರೆ ರಾತ್ರಿ ದೀಪ ಆರಿಸಿದಾಗ ಕಪ್ಪು ಬೂದಿಯಂತೆ. ಫೈನಲ್ ದಿನ ಹತ್ತು ಜನ ನೆಲದ ಮೇಲೂ ಕೂರುವ ಮನೆಯಾದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನು ಮಾಡೆಲ್‌ಗಳು. ಸೋನಿ ಬ್ರಾವಿಯಾ 3 ಒಳ್ಳೆಯ ಹೆಸರಿನ ಟೀವಿ. ಎಸ್‌ಡಿ ಚಾನೆಲ್‌ನ 576 ಸಾಲುಗಳನ್ನು 2160ಕ್ಕೆ ಹಿಗ್ಗಿಸುವ ಕೆಲಸದಲ್ಲಿ ಅದರ ಪ್ರೊಸೆಸರ್ ಪಳಗಿದ್ದು. ಕನ್ನಡ ಕಾಮೆಂಟರಿಯನ್ನು ಎಸ್‌ಡಿ ಚಾನೆಲ್‌ನಲ್ಲೇ ಕೇಳುವ, ಯೂಟ್ಯೂಬಿನಲ್ಲಿ ಕಂಬಳದ ಮಂಕು ನೇರಪ್ರಸಾರ ನೋಡುವ ಮನೆಗೆ ಈ ಗುಣ ಸಣ್ಣದಲ್ಲ. ಆದರೆ ಅದು 60 ಹರ್ಟ್ಸ್ ಪ್ಯಾನೆಲ್, ಆ ಬೆಲೆಗೆ ಆಟಕ್ಕಾಗಿಯೇ ಕೊಳ್ಳಲು ಮನಸ್ಸು ಒಪ್ಪದು. ಟಿಸಿಎಲ್ ಸಿ6ಕೆ ಮಿನಿ ಎಲ್‌ಇಡಿ (ಹಿಂಬದಿಯಲ್ಲಿ ಪುಟ್ಟ ಪುಟ್ಟ ದೀಪಗಳಿರುವ ಬಗೆ), 144 ಹರ್ಟ್ಸ್ ಪ್ಯಾನೆಲ್. ಮಧ್ಯಾಹ್ನದ ಪಂದ್ಯಕ್ಕೆ ಬೇಕಾದ ಬೆಳಕೂ ಇದೆ. ಕೊಟ್ಟ ಹಣಕ್ಕೆ ಹೆಚ್ಚು ಆಟ ಕಾಣುವುದು ಈ ಬಗೆಯ ಟೀವಿಯಲ್ಲೇ, ಮೇಲಿನ ಮಚ್ಚೆ ಪರೀಕ್ಷೆಯಲ್ಲಿ ಗೆದ್ದರೆ. ಹಿಂಬದಿಯ ಬೆಳಕಿಲ್ಲದೆ ಒಂದೊಂದು ಚುಕ್ಕಿಯೂ ತಾನೇ ಬೆಳಗುವ, ಎಲ್‌ಜಿ ಸಿ5ನಂಥ ಓಎಲ್‌ಇಡಿಯಲ್ಲಿ ಚಲನೆಯೂ ಬದಿಯ ನೋಟವೂ ಇವೆರಡಕ್ಕಿಂತ ಚೆನ್ನ. ಬೆಲೆ ಮಾತ್ರ ಬಹಳ ಮೇಲೆ, ದಿನವಿಡೀ ಸ್ಕೋರ್‌ಪಟ್ಟಿ ಒಂದೇ ಜಾಗದಲ್ಲಿದ್ದರೆ ವರ್ಷಗಳಲ್ಲಿ ಅದರ ಗುರುತು ಅಚ್ಚೊತ್ತುವ ಭಯವೂ ಉಂಟು.

ಬೆಲೆಯ ವಿಷಯಕ್ಕೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಬೆಲೆಯನ್ನು ಗೀಚಿ ತೋರಿಸುವ ‘ರಿಯಾಯಿತಿ’ಗೆ ಮರುಳಾಗಬೇಡಿ. ಪ್ಯಾನೆಲ್ ಕೆಟ್ಟರೆ ಬದಲಿಸುವ ಖರ್ಚು ಹೊಸ ಟೀವಿಯ ಹತ್ತಿರ ಹೋಗುವುದರಿಂದ ಹೆಚ್ಚುವರಿ ವಾರಂಟಿ ಕೊಳ್ಳುವುದು ಲೇಸು. ಅದರಲ್ಲಿ ಪ್ಯಾನೆಲ್ ಸೇರಿದೆಯೇ ಎಂದು ಬರಹದಲ್ಲಿ ನೋಡಿ.

ಮನೆಗೆ ಬಂದ ಮೇಲೆ ‘ಸ್ಪೋರ್ಟ್ಸ್’ ಮೋಡ್ ಬಿಡಿ, ಅದು ಹುಲ್ಲನ್ನು ಪ್ಲಾಸ್ಟಿಕ್ ಹಸಿರು ಮಾಡುತ್ತದೆ. ‘ಸ್ಟ್ಯಾಂಡರ್ಡ್’ ಅಥವಾ ‘ಮೂವಿ’ ಇಟ್ಟು ಬ್ಯಾಕ್‌ಲೈಟ್ ಏರಿಸಿ, ಎನರ್ಜಿ ಸೇವಿಂಗ್ ತೆಗೆಯಿರಿ. ಚಲನೆಯ ಸೆಟ್ಟಿಂಗನ್ನು ಕಸ್ಟಮ್ ಮಾಡಿ ಹತ್ತರ ಅಳತೆಯಾದರೆ ಮಸುಕು ತಗ್ಗಿಸುವುದನ್ನು 5ರ ಸುತ್ತ, ತಡವರಿಕೆ ತಗ್ಗಿಸುವುದನ್ನು 2–3ರಲ್ಲಿ ಇಡಿ. ಪೂರ್ತಿ ಏರಿಸಿದರೆ ಟೀವಿ ನಡುವಿನ ಚಿತ್ರಗಳನ್ನು ಅತಿಯಾಗಿ ಊಹಿಸಿ ಬರೆಯುತ್ತದೆ. ಊಹೆ ತಪ್ಪಿದಾಗ ಚೆಂಡು ಬ್ಯಾಟಿನ ಹತ್ತಿರ ಮಾಯವಾಗಿ ಆಚೆ ಏಳುತ್ತದೆ. ಡಿಟಿಎಚ್ ಬಾಕ್ಸಿನ ಔಟ್‌ಪುಟ್ 576ರಲ್ಲೇ ಉಳಿದಿರುವ ಮನೆಗಳು ಬಹಳ, 1080ಕ್ಕೆ ಬದಲಿಸಿ.

ಡಬ್ಬಿ ಬಿಚ್ಚುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಮಚ್ಚೆ ಪರೀಕ್ಷೆಯನ್ನು ಮನೆಗೆ ಬಂದ ಟೀವಿಯ ಮೇಲೂ ಮಾಡಿ, ಒಂದೇ ಮಾಡೆಲ್ಲಿನ ಎರಡು ಟೀವಿಗಳು ಒಂದೇ ಥರ ಇರುವುದಿಲ್ಲ. ಬದಲಿಸಿಕೊಳ್ಳುವ ಅವಧಿ ಮುಗಿಯುವ ಮುನ್ನ ಒಂದು ಪೂರ್ತಿ ಪಂದ್ಯ ನೋಡಿ, ಗೋಡೆಗೆ ಹಾಕಿಸುವುದು ಆಮೇಲೆ. ಹೊಸ ಅಪಾರ್ಟ್‌ಮೆಂಟ್‌ಗಳ ಹಗುರ ಎಎಸಿ ಬ್ಲಾಕ್ ಗೋಡೆಯಲ್ಲಿ ಸ್ಟ್ಯಾಂಡಿನ ಜೊತೆ ಬರುವ ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ. 20 ಕಿಲೋ ಭಾರಕ್ಕೆ ಆ ಬ್ಲಾಕಿಗೆಂದೇ ಮಾಡಿದ ಉದ್ದನೆಯ ಆ್ಯಂಕರ್ ಅಥವಾ ಕೆಮಿಕಲ್ ಆ್ಯಂಕರ್ ತರಿಸಿಟ್ಟುಕೊಂಡೇ ಮೆಕ್ಯಾನಿಕ್‌ನನ್ನು ಕರೆಯಿರಿ.