ಎಬಿಎಸ್ ಓದೋ ಸ್ಕ್ಯಾನರ್: ಎರಡೂವರೆ ವರ್ಷ ಬಳಸಿದ ಮೇಲೆ

ಕಾರಿನ ಪೋರ್ಟಿಗೆ ಸಿಕ್ಕಿಸಿ ಫಾಲ್ಟನ್ನ ಫೋನಲ್ಲಿ ನೋಡೋ ಈ ಸ್ಕ್ಯಾನರ್ ತಗೊಂಡು ಎರಡೂವರೆ ವರ್ಷ ಆಯ್ತು. ತಗೊಂಡಿದ್ದೇ ಎಬಿಎಸ್ (ಜೋರು ಬ್ರೇಕಲ್ಲಿ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಲೈಟಿನ ಕಾಟಕ್ಕೆ. ಮಳೇಲಿ ಶಿರಾಡಿ ಘಾಟಿ ಇಳಿಯುವಾಗ ಲೈಟ್ ಬರ್ತಿತ್ತು, ಗ್ಯಾರೇಜ್ ಮುಟ್ಟೋಷ್ಟರಲ್ಲಿ ಮಾಯ. ಲೈಟ್ ಇದ್ದಾಗ ಮಾಮೂಲಿ ಬ್ರೇಕ್ ಹಿಡಿಯುತ್ತೆ ನಿಜ, ಆದ್ರೆ ಎಬಿಎಸ್ ಇರಲ್ಲ, ಒದ್ದೆ ತಿರುವಲ್ಲಿ ಜೋರಾಗಿ ಒತ್ತಿದ್ರೆ ಚಕ್ರ ಲಾಕ್ ಆಗ್ಬಹುದು, ಹಿಂದೆ ಮಕ್ಕಳು ಕೂತಿರುವಾಗ ಹೆದರಿಕೆ ಆಗುತ್ತೆ. ಗ್ಯಾರೇಜಲ್ಲಿ ಮುಂದಿನ ಎಡ ಚಕ್ರದ ಸ್ಪೀಡ್ ಅಳೆಯೋ ಸೆನ್ಸರ್ ಬದಲಾಯಿಸಿದ್ರು, ಮೂರೇ ವಾರಕ್ಕೆ ಮತ್ತೆ ಅದೇ ಲೈಟು.

ಮೊದ್ಲು ನನ್ನತ್ರ ಇದ್ದ ಅಗ್ಗದ ಬ್ಲೂಟೂತ್ ಡಾಂಗಲ್ ಇಂಜಿನ್ನಿನ ಫಾಲ್ಟ್ ಕೋಡ್ (ಪಿ ಇಂದ ಶುರುವಾಗೋವು) ಮಾತ್ರ ಓದ್ತಿತ್ತು, ಎಬಿಎಸ್ ಲೈಟ್ ಉರೀತಿದ್ರೂ ಫಾಲ್ಟ್ ಇಲ್ಲ ಅಂತಿತ್ತು. ಇದು ಬ್ರೇಕಿನ ಸಿ ಕೋಡೂ ಓದುತ್ತೆ. ಬಂದಿದ್ದು ಸಿ0035, ಅಂದ್ರೆ ಮುಂದಿನ ಎಡ ಚಕ್ರದ ಸ್ಪೀಡ್ ಸೆನ್ಸರ್ ಸರ್ಕ್ಯೂಟ್. ಸರ್ಕ್ಯೂಟ್ ಅಂದ್ರೆ ಬರೀ ಸೆನ್ಸರ್ ಅಲ್ಲ ರೀ, ವೈರು, ಕನೆಕ್ಟರ್, ಪಿನ್ನು ಎಲ್ಲಾ ಸೇರಿತು.

ಕೊಟ್ಟ ದುಡ್ಡು ವಸೂಲಾಗಿದ್ದು ಲೈವ್ ಗ್ರಾಫಲ್ಲಿ. ನಾನು ಓಡಿಸ್ತಿದ್ದೆ, ಪಕ್ಕದಲ್ಲಿ ತಮ್ಮ ಫೋನ್ ಹಿಡ್ಕೊಂಡು ಕೂತಿದ್ದ, 40ರ ಸ್ಪೀಡಲ್ಲಿ ನಾಲ್ಕು ಚಕ್ರದ ಸ್ಪೀಡಿನ ನಾಲ್ಕು ಗೆರೆ ಒಟ್ಟಿಗೇ ಹೋಗ್ತಿವೆ, ಬಲಕ್ಕೆ ತಿರುಗಿಸ್ತಾ ಒಂದು ಹಂಪ್ ಇಳಿದ ತಕ್ಷಣ ಮುಂದಿನ ಎಡಗಡೆದು ಸೊನ್ನೆಗೆ ಬಿದ್ದು ವಾಪಸ್ ಬಂತು. ಮನೆಗೆ ಬಂದು ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಅವನು ಚಕ್ರ ಕೈಲಿ ತಿರುಗಿಸ್ತಾ ಇದ್ದ, ನಾನು ವೈರನ್ನ ಗೇಣು ಗೇಣಾಗಿ ಅಲ್ಲಾಡಿಸ್ತಾ ಹೋದೆ, ಸ್ಟ್ರಟ್ (ಚಕ್ರದ ಶಾಕ್ ಅಬ್ಸಾರ್ಬರ್) ಹತ್ರದ ಕ್ಲಿಪ್ ಮುಟ್ಟಿದಾಗ ಗ್ರಾಫ್ ಸತ್ತೇ ಹೋಯ್ತು. ವೈರಿನ ಮೇಲಿನ ರಬ್ಬರ್ ಹೊಸದರ ಹಾಗೇ ಇತ್ತು, ಬಗ್ಗಿಸಿದ್ರೆ ಮಾತ್ರ ಆ ಒಂದಿಂಚು ಮೆತ್ತಗೆ, ಒಳಗೆ ಏನೂ ಇಲ್ಲದ ಹಾಗೆ. ಸೀಳಿ ನೋಡಿದ್ರೆ ತಾಮ್ರ ಹಸಿರು ಪುಡಿ ಆಗಿತ್ತು! ನನ್ನ ಕಾರಲ್ಲಿ ಸೆನ್ಸರ್ ಕನೆಕ್ಟರ್ ಚಕ್ರದ ಹತ್ರಾನೇ ಇದೆ, ಅಲ್ಲಿಂದ ಮೇಲಕ್ಕೆ ಹೋಗೋ ವೈರು ಬೇರೆ, ಹಾಗಾಗಿ ಸೆನ್ಸರ್ ಬದಲಾಯಿಸಿದ್ರೂ ಕೆಟ್ಟ ವೈರು ಅಲ್ಲೇ ಉಳ್ಕೊಂಡಿತ್ತು. ಸ್ಟೀರಿಂಗ್ ಜೊತೆ ಬಗ್ಗೋ ಜಾಗದಲ್ಲಿ ಬೆಸುಗೆ ಹಾಕಿದ್ರೆ ಮತ್ತೆ ಮುರಿಯುತ್ತೆ ಅಂತ ಆ ತುಂಡು ವೈರಿಂಗ್ ಪೂರ್ತಿ ಹೊಸದು ಹಾಕಿಸ್ದೆ. ಆಮೇಲೆ ಎರಡು ಮಳೆಗಾಲ ಕಳೀತು, ಲೈಟ್ ಬಂದಿಲ್ಲ.

ಹಾಂ, ಮಲ್ಟಿಮೀಟರ್ ಹಿಡ್ಕೊಂಡು ಸೆನ್ಸರಿನ ಓಮ್ಸ್ (ರೆಸಿಸ್ಟೆನ್ಸ್) ನೋಡೋಕೆ ಹೋಗ್ಬೇಡಿ. ಹಳೇ ಕಾಯಿಲ್ ಥರದ್ದಕ್ಕೆ ಅದು ಸರಿ, ಈಗಿನ ಆಕ್ಟಿವ್ ಸೆನ್ಸರ್ 7 ಮತ್ತು 14 ಮಿಲಿಆಂಪ್ ನಡುವೆ ಕರೆಂಟ್ ಬದಲಾಯಿಸಿ ಸಿಗ್ನಲ್ ಕೊಡೋದು, ಓಮ್ಸಲ್ಲಿ ಏನೂ ಗೊತ್ತಾಗಲ್ಲ.

ಬೇಜಾರಿನ ವಿಷ್ಯನೂ ಇದೆ. ತುಂಬಾ ರೀಡಿಂಗ್ ಒಟ್ಟಿಗೆ ಹಾಕಿದ್ರೆ ಗ್ರಾಫ್ ನಿಧಾನ ಆಗಿ ಚಿಕ್ಕ ಡ್ರಾಪ್ ತಪ್ಪಿಹೋಗುತ್ತೆ, ನಾಲ್ಕು ಚಕ್ರದ ಸ್ಪೀಡ್ ಮಾತ್ರ ಇಟ್ಕೊಳ್ಳಿ. ಪೋರ್ಟಲ್ಲೇ ಬಿಟ್ರೆ ಬ್ಯಾಟರಿ ಇಳಿಯುತ್ತೆ, ಒಂದ್ಸಲ ಊರಿಂದ ಬಂದು ನೋಡಿದ್ರೆ ಕಾರ್ ಸ್ಟಾರ್ಟೇ ಆಗ್ಲಿಲ್ಲ. ತಗೊಳ್ಳೋ ಮುಂಚೆ ನಿಮ್ಮ ಮಾಡೆಲ್ಲಿಗೆ ಎಬಿಎಸ್ ಲೈವ್ ಡೇಟಾ ಬರುತ್ತಾ ಅಂತ ಕೇಳಿ, ಬರೀ ಕೋಡ್ ಓದುತ್ತೆ ಅಂದ್ರೆ ಬೇಡ.